ಒಂದೇ ಕಸುಬಿನ ಇಬ್ಬರು

ನಮ್ಮಲ್ಲಿ ಒಂದು ಗಾದೆಯಿದೆ. ಎರಡು ಜುಟ್ಟು ಒಂದು ಕಡೆ ಸೇರಬಹುದು, ಎರಡು ಜಡೆ ಸೇರುವುದಿಲ್ಲ ಎಂದು. ಇದನ್ನು ಕಟ್ಟಿದವರು ಜುಟ್ಟಿನ ಕಡೆಯವರೇ ಇರಬೇಕು. ಜಗಲಿಯ ಮೇಲೆ ಕೂತು ಗಾದೆ ಕಟ್ಟುವಷ್ಟು ಪುರುಸೊತ್ತು ಜಡೆಯವರಿಗೆ ಎಲ್ಲಿತ್ತು? ಆದರೂ ಗಾದೆಯನ್ನು ಪೂರ್ತಿ ತಳ್ಳಿಹಾಕುವ ಮೊದಲು ಅದರೊಳಗೆ ಅಡಗಿರುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳಬೇಕು ಎನ್ನಿಸುತ್ತದೆ. ಅದು ಹೆಣ್ಣು ಗಂಡಿನ ಪ್ರಶ್ನೆಯಲ್ಲ, ಕಸುಬಿನ ಪ್ರಶ್ನೆ. ಒಂದೇ ಕಸುಬಿನ ಇಬ್ಬರು ಒಬ್ಬರನ್ನೊಬ್ಬರು ನಿಜವಾಗಿ ಮೆಚ್ಚಬಲ್ಲರೆ?

ಕಸೂತಿ ಬಾರದವಳು ಕಸೂತಿ ಹಾಕುವವಳನ್ನು ಬಾಯ್ತುಂಬ ಹೊಗಳುತ್ತಾಳೆ. ಅವಳ ಗಂಟೇನು ಹೋಗುತ್ತದೆ? ತಾನೂ ಸೂಜಿ ಹಿಡಿದವಳು ಹಾಗಲ್ಲ. ಸೆರಗನ್ನು ಮೊದಲು ಮಗುಚಿ ಹಿಂಬದಿ ನೋಡುತ್ತಾಳೆ. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಗವಂತಿ ಹೊಲಿಗೆ ಎರಡೂ ಕಡೆಗೆ ಒಂದೇ ತೆರನಾಗಿ ಕಾಣಬೇಕು ಎಂಬುದು ಅವಳಿಗೆ ಗೊತ್ತು. ಹಿಂದೆ ಮುಂದೆ ನೋಡಿ ‘ಚೆನ್ನಾಗಿದೆ’ ಎನ್ನುತ್ತಾಳೆ. ಆ ‘ಚೆನ್ನಾಗಿದೆ’ಯ ಬಾಲಕ್ಕೆ ಒಂದು ‘ಆದರೆ’ ಅಂಟಿಕೊಂಡಿರುತ್ತದೆ. ನಾವು ಆ ‘ಆದರೆ’ಯನ್ನು ಹೊಟ್ಟೆಕಿಚ್ಚು ಎಂದು ಕರೆದು ಮುಗಿಸಿಬಿಡುತ್ತೇವೆ. ಎಲ್ಲ ಸಲವೂ ಅದು ಹೊಟ್ಟೆಕಿಚ್ಚೇ ಹೌದೆ?

ಈ ಮಾತನ್ನು ಯೋಚಿಸುವಾಗಲೆಲ್ಲ ನನಗೆ ಇಂಗ್ಲೆಂಡಿನ ಇಬ್ಬರು ಪತ್ತೇದಾರಿ ಲೇಖಕಿಯರು ನೆನಪಾಗುತ್ತಾರೆ. ಒಬ್ಬರು ಅಗಾಥಾ ಕ್ರಿಸ್ಟಿ. ಇವರನ್ನು ಪರಿಚಯಿಸಬೇಕಾಗಿಲ್ಲ, ಊರಿನ ಲೈಬ್ರರಿಯಲ್ಲಿ ಬೆನ್ನು ಕಿತ್ತುಹೋಗಿ, ಕೊನೆಯ ಹಾಳೆ ಕಾಣೆಯಾಗಿ ಓದುಗರನ್ನು ಅಳಿಸುವ ಪುಸ್ತಕಗಳಲ್ಲಿ ಇವರದೂ ಇದ್ದೇ ಇರುತ್ತದೆ. ಇನ್ನೊಬ್ಬರು ಡೊರೊಥಿ ಸೇಯರ್ಸ್. ನಮ್ಮ ಕಡೆ ಇವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ, ಆದರೆ ತಮ್ಮ ನಾಡಿನಲ್ಲಿ ಕ್ರಿಸ್ಟಿಗೆ ಸರಿಸಮನಾಗಿ ಓದಿಸಿಕೊಂಡವರು. ಕ್ರಿಸ್ಟಿ ಹುಟ್ಟಿದ್ದು 1890ರಲ್ಲಿ, ಸೇಯರ್ಸ್ 1893ರಲ್ಲಿ. ಕ್ರಿಸ್ಟಿಯ ಓದು ಬಹುಪಾಲು ಮನೆಯಲ್ಲೇ ಆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡುತ್ತ ವಿಷಗಳ ವಿದ್ಯೆ ಕಲಿತರು. ಸೇಯರ್ಸ್ ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ ಮೊದಲ ದರ್ಜೆಯಲ್ಲಿ ಓದು ಮುಗಿಸಿದ್ದು 1915ರಲ್ಲಿ. ಹೆಣ್ಣುಮಕ್ಕಳಿಗೆ ಪದವಿ ಕೊಡುವುದಕ್ಕೆ ಆ ವಿಶ್ವವಿದ್ಯಾಲಯ ಮನಸ್ಸು ಮಾಡಿದ್ದು 1920ರಲ್ಲಿ! ಆಗ ಪದವಿ ಪಡೆದ ಮೊದಲ ಹೆಂಗಸರ ಸಾಲಿನಲ್ಲಿ ಇವರೂ ನಿಂತಿದ್ದರು. ಒಬ್ಬರದು ಸರಳ ಬರಹ, ಗಟ್ಟಿ ಹೆಣಿಗೆ. ಇನ್ನೊಬ್ಬರದು ವಿದ್ವತ್ತಿನ ಬರಹ, ಮಾತುಮಾತಿಗೂ ಚಟಾಕಿ.

ಪತ್ತೇದಾರಿ ಲೇಖಕಿಯರನ್ನೇ ಏಕೆ ಆರಿಸಿಕೊಂಡೆ ಎಂದರೆ, ಇವರ ಕಸುಬೇ ಗುಟ್ಟು ಅಗೆಯುವುದು. ಯಾರ ಮನೆಯ ಕದ ಯಾವ ಹೊತ್ತಿನಲ್ಲಿ ತೆರೆಯಿತು, ಯಾರು ಯಾರಿಗೆ ಕಾಗದ ಬರೆದರು ಎಂಬುದನ್ನೆಲ್ಲ ಕಣ್ಣಿಟ್ಟು ನೋಡುವ ವಿದ್ಯೆ. ಅಂಥವರು ತಮ್ಮವರನ್ನು ಹೇಗೆ ನೋಡುತ್ತಾರೆ? ಇಲ್ಲಿ ಮೆಚ್ಚುಗೆಯ ಪ್ರಶ್ನೆ ಸ್ವಲ್ಪ ಹರಿತವಾಗುತ್ತದೆ.

1926ರಲ್ಲಿ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಹೊರಬಂತು. ಕೊಲೆಗಾರ ಯಾರೆಂದು ಗೊತ್ತಾದಾಗ ಎಷ್ಟೋ ಓದುಗರು ಸಿಟ್ಟಿಗೆದ್ದರು. ಇದು ಮೋಸ, ಆಟದ ನಿಯಮ ಮುರಿದಿದ್ದಾರೆ ಎಂದರು. (ಇನ್ನೂ ಓದದವರು ಇರಬಹುದು, ಆದ್ದರಿಂದ ಗುಟ್ಟು ಬಿಡುವುದಿಲ್ಲ.) ಎರಡು ವರ್ಷದ ಮೇಲೆ, 1928ರಲ್ಲಿ, ಸೇಯರ್ಸ್ ಪತ್ತೇದಾರಿ ಕಥೆಗಳ ಒಂದು ದೊಡ್ಡ ಸಂಕಲನ ತಂದರು. ಅದರ ಮುನ್ನುಡಿಯಲ್ಲಿ ಈ ಆರೋಪವನ್ನು ಎತ್ತಿಕೊಂಡು, ಇದು ಚೆನ್ನಾಗಿ ಬೇಸ್ತುಬಿದ್ದವರ ಕೋಪ ಅಷ್ಟೆ, ಬೇಕಾದ ಸುಳಿವುಗಳೆಲ್ಲ ಪುಸ್ತಕದಲ್ಲೇ ಇವೆ, ಎಲ್ಲರನ್ನೂ ಅನುಮಾನಿಸುವುದು ಓದುವವನ ಕೆಲಸ ಎಂದು ತೀರ್ಪು ಕೊಟ್ಟರು. ನೆನಪಿಡಿ, ಇಬ್ಬರೂ ಒಂದೇ ಸಂತೆಯಲ್ಲಿ ಒಂದೇ ಸರಕು ಮಾರುವವರು. ಪಕ್ಕದ ಅಂಗಡಿಯ ತಕ್ಕಡಿ ಸರಿಯಿಲ್ಲ ಎಂದು ಊರು ಕೂಗುತ್ತಿದ್ದಾಗ, ತಕ್ಕಡಿ ಸರಿಯಾಗಿಯೇ ಇದೆ ಎಂದು ಸಾಕ್ಷಿ ಹೇಳುವುದು ವ್ಯಾಪಾರದ ಬುದ್ಧಿಯಲ್ಲ. ಕಸುಬಿನ ನ್ಯಾಯ.

ಆದರೆ ಅದೇ 1926ರ ಡಿಸೆಂಬರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದು ಇಷ್ಟು ಚೆಂದದ್ದಲ್ಲ.

ಆ ವರ್ಷ ಏಪ್ರಿಲಿನಲ್ಲಿ ಕ್ರಿಸ್ಟಿಯ ತಾಯಿ ತೀರಿಕೊಂಡಿದ್ದರು. ಆ ದುಃಖ ಆರುವ ಮೊದಲೇ ಗಂಡ, ತನಗೆ ಬೇರೊಬ್ಬಳ ಮೇಲೆ ಮನಸ್ಸಾಗಿದೆ, ವಿಚ್ಛೇದನ ಬೇಕು ಎಂದ. ಡಿಸೆಂಬರ್ 3ರ ರಾತ್ರಿ ಕ್ರಿಸ್ಟಿ ಏಳು ವರ್ಷದ ಮಗಳನ್ನು ಮನೆಯಲ್ಲಿ ಬಿಟ್ಟು ಕಾರಿನಲ್ಲಿ ಹೊರಟುಹೋದರು. ಮರುದಿನ ಸರ್ರೆ ಪ್ರಾಂತ್ಯದ ನ್ಯೂಲ್ಯಾಂಡ್ಸ್ ಕಾರ್ನರ್ ಎಂಬಲ್ಲಿ ಕಾರು ಸಿಕ್ಕಿತು, ಅವರು ಸಿಗಲಿಲ್ಲ. ಪೋಲೀಸರು, ನಾಯಿಗಳು, ವಿಮಾನಗಳು, ಸಾವಿರಾರು ಜನ ಹುಡುಕಿದರು. ಪತ್ರಿಕೆಗಳಿಗೆ ಹಬ್ಬ. ಹನ್ನೊಂದು ದಿನದ ಮೇಲೆ ಹ್ಯಾರೊಗೇಟ್ ಊರಿನ ಒಂದು ಹೋಟೆಲಿನಲ್ಲಿ ಸಿಕ್ಕರು. ಅಲ್ಲಿ ಬೇರೆ ಹೆಸರಿನಲ್ಲಿ ಇಳಿದುಕೊಂಡಿದ್ದರು. ಆ ಸುಳ್ಳು ಹೆಸರಿನ ಕೊನೆಗೆ ಇದ್ದದ್ದು ಗಂಡನ ಪ್ರೇಯಸಿಯ ಮನೆತನದ ಹೆಸರು.

ಆ ಹನ್ನೊಂದು ದಿನ ಅವರ ಕಸುಬಿನವರು ಏನು ಮಾಡಿದರು? ಷೆರ್ಲಾಕ್ ಹೋಮ್ಸನ ಜನಕ ಕಾನನ್ ಡಾಯ್ಲ್ ಕಾಣೆಯಾದ ಲೇಖಕಿಯ ಒಂದು ಕೈಗವಸು ತರಿಸಿ, ಆತ್ಮಗಳ ಜೊತೆ ಮಾತಾಡುತ್ತೇನೆ ಎನ್ನುವವನೊಬ್ಬನ ಕೈಗೆ ಕೊಟ್ಟರು. (ಹೋಮ್ಸ್ ಇದ್ದಿದ್ದರೆ ಪೈಪು ಕೆಳಗಿಟ್ಟು ಎದ್ದು ಹೋಗುತ್ತಿದ್ದ.) ಎಡ್ಗರ್ ವ್ಯಾಲೇಸ್ ಪತ್ರಿಕೆಯಲ್ಲಿ ಬರೆದು, ನೋಯಿಸಿದವರ ಮೇಲೆ ತೀರಿಸಿಕೊಳ್ಳಲು ಆಕೆ ಹೀಗೆ ಮಾಡಿರಬೇಕು ಎಂದರು. ಸೇಯರ್ಸ್ ‘ಡೈಲಿ ನ್ಯೂಸ್’ ಪತ್ರಿಕೆಗೆ ಬರೆದರು: ಮರೆವು, ಕೊಲೆ, ಆತ್ಮಹತ್ಯೆ, ಬೇಕೆಂದೇ ಮರೆಯಾಗಿರುವುದು, ಈ ನಾಲ್ಕರಲ್ಲಿ ಯಾವುದಿರಬಹುದು ಎಂಬ ಲೆಕ್ಕ. ಅಷ್ಟಕ್ಕೇ ನಿಲ್ಲದೆ ಹುಡುಕಾಟ ನಡೆಯುತ್ತಿದ್ದ ಜಾಗಕ್ಕೂ ಹೋಗಿ ನೋಡಿಬಂದರು.

ಇದನ್ನು ಓದಿದಾಗ ನನಗೆ ಸೇಯರ್ಸ್ ಮೇಲೆ ಕೋಪ ಬಂತು, ಈಗಲೂ ಪೂರ್ತಿ ಹೋಗಿಲ್ಲ. ನೊಂದ ಹೆಂಗಸೊಬ್ಬಳು ಮನೆ ಬಿಟ್ಟು ಹೋಗಿರುವಾಗ ಅವಳ ನೋವನ್ನು ಒಗಟು ಮಾಡಿ ಬಿಡಿಸುವುದು ಎಂಥ ಬುದ್ಧಿವಂತಿಕೆ? ಅದೂ ಬೇರೆ ಯಾರೋ ಮಾಡಿದ್ದರೆ ಬೇರೆ ಮಾತು. ಸೇಯರ್ಸ್ ಒಳಗೆ ಆಗ ಇನ್ನೂ ದೊಡ್ಡ ಗುಟ್ಟೊಂದು ಕೂತಿತ್ತು.

1924ರ ಜನವರಿ 3ರಂದು ಅವರಿಗೆ ಒಂದು ಗಂಡುಮಗು ಹುಟ್ಟಿತ್ತು. ಮದುವೆಯಾಗಿರಲಿಲ್ಲ. ಮಗುವಿನ ತಂದೆಗೆ ಆಗಲೇ ಹೆಂಡತಿಯಿದ್ದಳು. ಸೇಯರ್ಸ್ ಆಗ ಲಂಡನ್ನಿನ ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದರು. ಅನಾರೋಗ್ಯದ ಕಾರಣ ಹೇಳಿ ಕೆಲವು ವಾರ ರಜೆ ಪಡೆದು ದೂರದ ಊರಿಗೆ ಹೋಗಿ ಹೆತ್ತರು. ಮಕ್ಕಳನ್ನು ಇಟ್ಟುಕೊಂಡು ಸಾಕುತ್ತಿದ್ದ ದಾಯಾದಿ ಅಕ್ಕ ಐವಿ ಶ್ರಿಂಪ್ಟನ್‌ಗೆ ಮೊದಲು ಇದು ಗೆಳತಿಯೊಬ್ಬಳ ಮಗು ಎಂದು ಬರೆದರು. ಆಕೆ ಒಪ್ಪಿದ ಮೇಲೆ ನಿಜ ಹೇಳಿದರು. ಐವಿ ಸಾಕಿದರು, ಬಾಯಿ ಬಿಡಲಿಲ್ಲ. ಪಾದ್ರಿಯಾಗಿದ್ದ ತಂದೆಗೆ, ತಾಯಿಗೆ, ಕೊನೆಯವರೆಗೂ ಮೊಮ್ಮಗನೊಬ್ಬ ಇದ್ದಾನೆಂದು ಗೊತ್ತಾಗಲಿಲ್ಲ. ಮೂರು ತಿಂಗಳು ತುಂಬುವ ಮುಂಚೆಯೇ ತಾಯಿ ಮರಳಿ ಕಚೇರಿಯಲ್ಲಿ ಕೂತು ಜಾಹೀರಾತು ಬರೆಯುತ್ತಿದ್ದರು. ಸಂಬಳದಿಂದ ಮಗುವಿನ ಖರ್ಚು ಹೋಗುತ್ತಿತ್ತು. ಪತ್ತೇದಾರಿ ಕಾದಂಬರಿ ಬರೆಯುವ ಹುಮ್ಮಸ್ಸಿನ ಹಿಂದೆ ಆ ಖರ್ಚಿನ ಲೆಕ್ಕವೂ ಇತ್ತೆಂದರೆ ತಪ್ಪಾಗಲಾರದು. 1926ರ ಏಪ್ರಿಲಿನಲ್ಲಿ ಬೇರೊಬ್ಬರನ್ನು ಮದುವೆಯಾದರು, ಆದರೂ ಮಗ ಅವರ ಮನೆಗೆ ಬಂದು ಇರಲಿಲ್ಲ.

ಅಂದರೆ, ಕ್ರಿಸ್ಟಿಯನ್ನು ಹುಡುಕುತ್ತಿದ್ದ ಜಾಗವನ್ನು ಹೋಗಿ ನೋಡಿದ ದಿನ ಸೇಯರ್ಸ್‌ಗೆ ಮೂರು ತುಂಬುತ್ತಿರುವ ಮಗನಿದ್ದ. ಪತ್ರಿಕೆಯವರ ಒಂದು ದೀಪ ಆ ಕಡೆ ತಿರುಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಾಗಿದ್ದೂ ಹೋದರು. ಗುಟ್ಟು ಇಟ್ಟುಕೊಂಡವರಿಗೆ ಇನ್ನೊಬ್ಬರ ಗುಟ್ಟಿನ ಮೇಲೆ ಕರುಣೆ ಹುಟ್ಟಿಯೇ ಹುಟ್ಟುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹುಟ್ಟಬೇಕಾದ್ದೇನೋ ಹೌದು. ಆದರೆ ಕೆಲವು ಸಲ ಇನ್ನೊಬ್ಬರ ಮನೆಯ ಬಾಗಿಲಲ್ಲಿ ಗುಂಪು ಕೂಡಿದಾಗ ನಮ್ಮ ಮನೆಯ ಮೇಲಿನ ಕಣ್ಣು ತಪ್ಪಿತು ಎಂಬ ನೆಮ್ಮದಿಯಲ್ಲಿ ನಾವೂ ಗುಂಪಿನಲ್ಲಿ ಸೇರುತ್ತೇವೆ.

ಮರುವರ್ಷ, 1927ರಲ್ಲಿ, ಸೇಯರ್ಸ್ ಬರೆದ ‘ಅನ್‌ನ್ಯಾಚುರಲ್ ಡೆತ್’ ಎಂಬ ಕಾದಂಬರಿ ಬಂತು. ಅದರಲ್ಲಿ ಇಬ್ಬರು ಹೆಂಗಸರು ಕಾರಿನಲ್ಲಿ ಹೊರಟು ಕಾಣೆಯಾಗುತ್ತಾರೆ. ಕಾರು ಸಿಗುತ್ತದೆ, ಊರೆಲ್ಲ ಹುಡುಕುತ್ತದೆ, ಪತ್ರಿಕೆಗಳು ಕೂಗುತ್ತವೆ. ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಪತ್ತೇದಾರನಿಗೆ ನೆರವಾಗುವ ಮಿಸ್ ಕ್ಲಿಂಪ್ಸನ್ ಎಂಬ ನಡುವಯಸ್ಸು ದಾಟಿದ ಅವಿವಾಹಿತೆಗೆ ಚರ್ಚಿನಲ್ಲಿ ಒಂದು ಚೀಟಿ ಸಿಗುತ್ತದೆ. ಯಾರೋ ಹೆಣ್ಣುಮಗಳು ದೇವರ ಮುಂದೆ ಒಪ್ಪಿಕೊಳ್ಳಬೇಕಾದ ತಪ್ಪುಗಳನ್ನು ಗುರುತು ಹಾಕಿಕೊಂಡ ಚೀಟಿ. ಅದನ್ನು ಓದಬಹುದೆ? ಓದಿದರೆ ಒಂದು ಜೀವ ಉಳಿಯಬಹುದು. ಆದರೆ ಅದು ದೇವರಿಗೆ ಬರೆದ ಮಾತು. ಮಿಸ್ ಕ್ಲಿಂಪ್ಸನ್ ಒದ್ದಾಡಿಹೋಗುತ್ತಾಳೆ. ಆ ಒದ್ದಾಟವನ್ನು ಸೇಯರ್ಸ್ ತಮಾಷೆ ಮಾಡುವುದಿಲ್ಲ. ನನಗೆ ಅನಿಸುತ್ತದೆ, ಸರ್ರೆಯ ಆ ಜಾಗಕ್ಕೆ ಹೋಗಿ ಬಂದವರ ಮನಸ್ಸು ಈ ಪುಟಗಳಲ್ಲಿ ತನ್ನನ್ನೇ ವಿಚಾರಣೆಗೆ ನಿಲ್ಲಿಸಿಕೊಂಡಿದೆ. ಹೀಗೆಂದು ಅವರೆಲ್ಲೂ ಹೇಳಿಲ್ಲ, ಇದು ಓದುಗಳಾದ ನನ್ನ ಊಹೆ.

ಇನ್ನೊಂದು ಸ್ವಾರಸ್ಯ ನೋಡಿ. ಮಿಸ್ ಕ್ಲಿಂಪ್ಸನ್ ಹುಟ್ಟಿದ ಅದೇ 1927ರಲ್ಲಿ ಕ್ರಿಸ್ಟಿಯ ಮಿಸ್ ಮಾರ್ಪಲ್ ಕೂಡ ಒಂದು ಸಣ್ಣಕಥೆಯಲ್ಲಿ ಹುಟ್ಟಿದಳು. ಇಬ್ಬರೂ ಮದುವೆಯಾಗದವರು, ನಾಲ್ಕು ಜನರ ಮಾತಿನಿಂದ ಸತ್ಯ ಹೆಕ್ಕುವವರು, ‘ಹೆಂಗಸರ ಹರಟೆ’ ಎಂದು ಲೋಕ ತಳ್ಳಿದ್ದರಲ್ಲಿ ಸಾಕ್ಷ್ಯ ಕಾಣುವವರು. ನನ್ನದನ್ನು ನೀನು ಕದ್ದೆ ಎಂದು ಒಬ್ಬರ ಮೇಲೊಬ್ಬರು ಹರಿಹಾಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿತ್ತೆ? ಹಾಗೇನೂ ಆಗಲಿಲ್ಲ. ಮೂರು ವರ್ಷದಲ್ಲಿ ಇಬ್ಬರೂ ಒಂದೇ ಮೇಜಿನ ಸುತ್ತ ಕೂತು ಊಟ ಮಾಡುತ್ತಿದ್ದರು.

ಆ ಮೇಜು ‘ಡಿಟೆಕ್ಷನ್ ಕ್ಲಬ್’ ಎಂಬ ಪತ್ತೇದಾರಿ ಲೇಖಕರ ಕೂಟದ್ದು. ಶುರುವಾದದ್ದು 1930ರಲ್ಲಿ, ಮೊದಲ ಅಧ್ಯಕ್ಷರು ಚೆಸ್ಟರ್ಟನ್. ಹೊಸ ಸದಸ್ಯರು ಎರಿಕ್ ಎಂಬ ಹೆಸರಿನ ತಲೆಬುರುಡೆಯ ಮುಂದೆ ಪ್ರಮಾಣ ಮಾಡಬೇಕು. ದೈವಪ್ರೇರಣೆ, ಮಂತ್ರಮಾಟ, ಆಕಸ್ಮಿಕ ಇವುಗಳಿಂದ ಕೊಲೆಯ ಗಂಟು ಬಿಡಿಸುವುದಿಲ್ಲ, ಮುಖ್ಯ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಎಂದು. ಬಿಡಬೇಕಾದವುಗಳ ಪಟ್ಟಿಯಲ್ಲಿ ‘ಹೆಂಗಸರಿಗೆ ತಾನಾಗಿ ಹೊಳೆಯುವುದು’ ಕೂಡ ಸೇರಿತ್ತು. ಕ್ರಿಸ್ಟಿ, ಸೇಯರ್ಸ್ ಇಬ್ಬರೂ ಅದನ್ನು ಕೇಳಿ ಒಳಗೊಳಗೇ ನಕ್ಕಿರಬೇಕು. ಇದೆಲ್ಲ ವಿನೋದ. ಆದರೆ ಪ್ರಮಾಣದಲ್ಲಿ ವಿನೋದವಲ್ಲದ ಒಂದು ಮಾತೂ ಇತ್ತು. ಜೊತೆ ಸದಸ್ಯರು ಅಚ್ಚಾಗುವ ಮೊದಲು ತನ್ನ ಕಿವಿಯಲ್ಲಿ ಹೇಳಿದ ಕಥೆಯ ಗುಟ್ಟನ್ನು ಕದಿಯುವುದೂ ಇಲ್ಲ, ಹೊರಗೆ ಬಿಡುವುದೂ ಇಲ್ಲ, ಕುಡಿದ ಅಮಲಿನಲ್ಲಿ ಕೂಡ. ಕಸುಬಿನವರ ನಡುವಿನ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಒಪ್ಪಂದ ನನಗೆ ಗೊತ್ತಿಲ್ಲ.

1931ರಲ್ಲಿ ಈ ಸದಸ್ಯರು ಸೇರಿ ‘ದಿ ಫ್ಲೋಟಿಂಗ್ ಅಡ್ಮಿರಲ್’ ಎಂಬ ಕಾದಂಬರಿ ಬರೆದರು. ಒಬ್ಬೊಬ್ಬರದು ಒಂದೊಂದು ಅಧ್ಯಾಯ. ನಾಲ್ಕನೆಯದು ಕ್ರಿಸ್ಟಿ, ಏಳನೆಯದು ಸೇಯರ್ಸ್. ಹಿಂದಿನವರು ಬಿಟ್ಟುಹೋದ ಪ್ರತಿಯೊಂದು ಸುಳಿವನ್ನೂ ಗೌರವದಿಂದ ಎತ್ತಿಕೊಂಡು ಮುಂದುವರಿಸಬೇಕು, ಎಸೆಯುವಂತಿಲ್ಲ ಎಂಬುದು ನಿಯಮ. ಒಬ್ಬಳು ಒಲೆಯ ಮೇಲಿಟ್ಟ ಸಾರನ್ನು ಇನ್ನೊಬ್ಬಳು ಮುಗಿಸಬೇಕಾದಾಗ ಎಷ್ಟು ಕಷ್ಟ ಎಂದು ಕೂಡುಕುಟುಂಬದಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ!

ಈಗ ಆ ‘ಆದರೆ’ಯ ವಿಷಯಕ್ಕೆ ಬರುತ್ತೇನೆ. 1945ರಲ್ಲಿ ಬ್ರಿಟಿಷ್ ಸರ್ಕಾರದ ಮಾಹಿತಿ ಇಲಾಖೆ, ರಷ್ಯದ ಓದುಗರಿಗಾಗಿ ಇಂಗ್ಲೆಂಡಿನ ಪತ್ತೇದಾರಿ ಲೇಖಕರ ಪರಿಚಯ ಬರೆದುಕೊಡಿ ಎಂದು ಕ್ರಿಸ್ಟಿಯನ್ನು ಕೇಳಿತು. ಆ ಹೊತ್ತಿಗೆ ಸೇಯರ್ಸ್ ಪತ್ತೇದಾರಿ ಕಾದಂಬರಿ ಬಿಟ್ಟು ಧಾರ್ಮಿಕ ನಾಟಕ, ಡಾಂಟೆಯ ಅನುವಾದ ಎಂದು ಬೇರೆ ದಾರಿ ಹಿಡಿದಿದ್ದರು. ಕ್ರಿಸ್ಟಿ ಬರೆದದ್ದು ಇಷ್ಟು. ಸೇಯರ್ಸ್ ಈ ಕ್ಷೇತ್ರ ಬಿಟ್ಟದ್ದು ನಮಗೆಲ್ಲ ನಷ್ಟ, ಅವರದು ಅಪರೂಪದ ಜಾಣ್ಮೆ, ಸೊಗಸಾದ ಹಾಸ್ಯ. ಆದರೆ ಅವರ ಮೊದಮೊದಲಿನ ಪುಸ್ತಕಗಳೇ ಮೇಲು, ಅವುಗಳಲ್ಲಿ ಸರಳತೆ ಇತ್ತು, ಕಸುವಿತ್ತು. ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಬರಬರುತ್ತ ಬರಿಯ ಚೆಲುವ ನಾಯಕನಾಗಿಬಿಟ್ಟ. ಹ್ಯಾರಿಯಟ್ ಎಂಬ ಬೇಸರದ ಹುಡುಗಿಯ ಹಿಂದೆ ಬಿದ್ದು ಕೆಟ್ಟ.

ಹ್ಯಾರಿಯಟ್ ಯಾರು ಗೊತ್ತೆ? ಆಕ್ಸ್‌ಫರ್ಡಿನಲ್ಲಿ ಓದಿದ, ಪತ್ತೇದಾರಿ ಕಾದಂಬರಿ ಬರೆಯುವ, ಮದುವೆಯಿಲ್ಲದ ಒಂದು ಸಂಬಂಧದಿಂದ ಲೋಕದ ಬಾಯಿಗೆ ಬಿದ್ದ ಹೆಣ್ಣು. ಸೇಯರ್ಸ್ ತಮ್ಮನ್ನೇ ಬಹಳಷ್ಟು ಎರೆದು ಮಾಡಿದ ಪಾತ್ರ. ಅಂಥದ್ದನ್ನು ಬೇಸರದ ಹುಡುಗಿ ಎಂದು ಬರೆಯುವುದೆ? ನನಗಂತೂ ಹ್ಯಾರಿಯಟ್ ತುಂಬ ಇಷ್ಟ, ಇಲ್ಲಿ ಕ್ರಿಸ್ಟಿಯ ಮಾತನ್ನು ನಾನು ಒಪ್ಪುವುದಿಲ್ಲ. ಆದರೂ ಇದನ್ನು ಹೊಟ್ಟೆಕಿಚ್ಚು ಎನ್ನಲಾರೆ. ಏಕೆಂದರೆ ಅತ್ಯುತ್ತಮ ಎಂದು ಕ್ರಿಸ್ಟಿ ಹೆಸರಿಸಿದ ಮೂರು ಪುಸ್ತಕಗಳಲ್ಲಿ ಒಂದು, ಅದೇ ‘ಅನ್‌ನ್ಯಾಚುರಲ್ ಡೆತ್’. ತನ್ನ ಬದುಕಿನ ಅತ್ಯಂತ ಕೆಟ್ಟ ಹನ್ನೊಂದು ದಿನಗಳ ನೆರಳು ಬಿದ್ದಿರುವ ಪುಸ್ತಕ. ಅದರ ಹೆಸರು ಬರೆದರು, ಚೆನ್ನಾಗಿದೆ ಎಂದರು, ಮುಂದಿನ ಸಾಲಿಗೆ ಹೋದರು. ಆ ವಿಷಯದ ಒಂದು ಮಾತೂ ಇಲ್ಲ.

ಸೇಯರ್ಸ್ ಇಂಥ ನೇರ ಮಾತನ್ನು ಬಯಸುವವರೇ. 1933ರಿಂದ 1935ರವರೆಗೆ ‘ಸಂಡೇ ಟೈಮ್ಸ್’ ಪತ್ರಿಕೆಗೆ ಪತ್ತೇದಾರಿ ಕಾದಂಬರಿಗಳ ವಿಮರ್ಶೆ ಬರೆದು, ತನ್ನ ಕಸುಬಿನವರನ್ನೆಲ್ಲ ಅಳೆದು ತೂಗಿದವರು. 1935ರಲ್ಲಿ ಬಂದ ಅವರ ‘ಗಾಡಿ ನೈಟ್’ ಇದೇ ಪ್ರಶ್ನೆಯ ಮೇಲೆ ನಿಂತಿದೆ. (ನಮ್ಮ ಎತ್ತಿನ ಗಾಡಿಗೂ ಇದಕ್ಕೂ ಸಂಬಂಧವಿಲ್ಲ, ಆಕ್ಸ್‌ಫರ್ಡ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಅಲ್ಲಿ ಹಾಗೆನ್ನುತ್ತಾರೆ.) ಒಬ್ಬ ವಿದ್ವಾಂಸ ತನ್ನ ವಾದಕ್ಕೆ ಅಡ್ಡಬಂದ ದಾಖಲೆಯನ್ನು ಮುಚ್ಚಿಟ್ಟ. ಒಬ್ಬ ವಿದುಷಿ ಅದನ್ನು ಹೊರಗೆಳೆದಳು. ಅವನಿಗೆ ಹೆಂಡತಿ ಮಕ್ಕಳಿದ್ದರು, ಅವರ ಅನ್ನ ಹೋಯಿತು. ಅವಳು ಮಾಡಿದ್ದು ಸರಿಯೆ? ಕೆಲಸದಲ್ಲಿ ಸುಳ್ಳನ್ನು ಕ್ಷಮಿಸಬಾರದು ಎಂಬ ಕಡೆಗೇ ಸೇಯರ್ಸ್ ಮನಸ್ಸು ವಾಲುತ್ತದೆ, ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಅವರು ಮರೆಮಾಚುವುದಿಲ್ಲ. ಪುಸ್ತಕ ಮುಚ್ಚಿದ ಮೇಲೂ ಆ ಹೆಂಡತಿ ಮಕ್ಕಳು ಕಣ್ಣಮುಂದೆ ನಿಲ್ಲುತ್ತಾರೆ.

ಇಲ್ಲೇ ನನಗೆ ಒಂದು ಗೆರೆ ಕಾಣುತ್ತದೆ. ಕೆಲಸ ಎಲ್ಲರ ಮುಂದೆ ಇಟ್ಟದ್ದು. ಅದರ ಬಗ್ಗೆ ಬಲ್ಲವರು ಬಲ್ಲಷ್ಟನ್ನೂ ಹೇಳಬೇಕು, ‘ಆದರೆ’ ಸಮೇತ. ಬದುಕು ಎಲ್ಲರ ಮುಂದೆ ಇಟ್ಟದ್ದಲ್ಲ. ನಮ್ಮ ಊರುಗಳಲ್ಲಿ ಇದು ತಿರುಗುಮುರುಗಾಗಿರುವುದನ್ನು ಎಷ್ಟು ಸಲ ನೋಡಿಲ್ಲ! ಮಹಿಳಾ ಸಮಾಜದಲ್ಲಿ ಒಬ್ಬಳು ಕಥೆ ಓದಿದರೆ ಎಲ್ಲರೂ ‘ಚೆನ್ನಾಗಿದೆ, ಚೆನ್ನಾಗಿದೆ’ ಎಂದು ಚಪ್ಪಾಳೆ ತಟ್ಟುತ್ತೇವೆ. ಕಥೆಯ ಮಧ್ಯಭಾಗ ಜಾಳಾಗಿದೆ ಎಂದು ಯಾರೂ ಬಾಯಿಬಿಡುವುದಿಲ್ಲ. ಮೆಟ್ಟಿಲಿಳಿಯುವಾಗ ಶುರುವಾಗುತ್ತದೆ, ಇವಳು ಗಂಡನ ಮನೆಯಿಂದ ಬಂದು ಎಷ್ಟು ತಿಂಗಳಾಯಿತು, ಕಥೆಯ ಆ ಗಂಡಸು ಯಾರಿರಬಹುದು... ಕಥೆಗೆ ಸಲ್ಲಬೇಕಾದ ಪರೀಕ್ಷೆ ಕಥೆಗಾರ್ತಿಗೆ ಸಲ್ಲುತ್ತದೆ, ಕಥೆಗಾರ್ತಿಗೆ ಸಲ್ಲಬೇಕಾದ ದಯೆ ಕಥೆಗೆ ಹೋಗುತ್ತದೆ. ಇಬ್ಬರಿಗೂ ಅನ್ಯಾಯ. ಗಾದೆಯ ಜಡೆಗಳು ಸೇರದೆ ಹೋಗುವುದು ಇಂಥ ಮೆಟ್ಟಿಲುಗಳ ಮೇಲೆ ಇರಬೇಕು.

ಸೇಯರ್ಸ್‌ಗೆ ಮಗನಿದ್ದ ಸಂಗತಿ ಲೋಕಕ್ಕೆ ತಿಳಿದದ್ದು 1975ರಲ್ಲಿ, ಅವರು ತೀರಿಕೊಂಡು ಹದಿನೆಂಟು ವರ್ಷವಾದ ಮೇಲೆ, ಜೀವನಚರಿತ್ರೆಯೊಂದು ಬಂದಾಗ. ತಮ್ಮ ಆಸ್ತಿಯನ್ನೆಲ್ಲ ಅವರು ಮಗನಿಗೇ ಬಿಟ್ಟಿದ್ದರು. ಕ್ರಿಸ್ಟಿಯ ಆತ್ಮಕಥೆ ಅವರ ಮರಣಾನಂತರ 1977ರಲ್ಲಿ ಅಚ್ಚಾಯಿತು. ಐನೂರಕ್ಕೂ ಹೆಚ್ಚು ಪುಟಗಳ ಆ ಪುಸ್ತಕದಲ್ಲಿ ಹನ್ನೊಂದು ದಿನಗಳ ಸುದ್ದಿಯೇ ಇಲ್ಲ. ಅಷ್ಟೊಂದು ಗಂಟು ಬಿಡಿಸಿದವರು ತಮ್ಮದೊಂದು ಗಂಟನ್ನು ಹಾಗೇ ಬಿಟ್ಟು ಹೋದರು. ಇಂದಿಗೂ ಜನ ಆ ಹನ್ನೊಂದು ದಿನಗಳ ಮೇಲೆ ಪುಸ್ತಕ ಬರೆಯುತ್ತಾರೆ, ಸಿನಿಮಾ ತೆಗೆಯುತ್ತಾರೆ.

1949ರಿಂದ ಡಿಟೆಕ್ಷನ್ ಕ್ಲಬ್ಬಿನ ಅಧ್ಯಕ್ಷರಾಗಿದ್ದವರು ಸೇಯರ್ಸ್. ಗಟ್ಟಿ ದನಿ, ದೊಡ್ಡ ಆಕಾರ, ಸಮಾರಂಭವೆಂದರೆ ಉತ್ಸಾಹ. 1957ರ ಡಿಸೆಂಬರಿನಲ್ಲಿ ಅವರು ಇದ್ದಕ್ಕಿದ್ದಂತೆ ತೀರಿಕೊಂಡಾಗ ಆ ಕುರ್ಚಿಗೆ ಕ್ರಿಸ್ಟಿಯನ್ನು ಕರೆದರು. ಜನ ಎಂದರೆ ಹಿಂಜರಿಯುವ ಸ್ವಭಾವ. ಪತ್ರಿಕೆಯವರೆಂದರೆ 1926ರಿಂದಲೂ ದೂರ. ಆದರೂ ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ: ತಾನು ಭಾಷಣ ಮಾಡುವುದಿಲ್ಲ. ಅದಕ್ಕಾಗಿ ಲಾರ್ಡ್ ಗೊರೆಲ್ ಎಂಬುವರನ್ನು ಜೊತೆ ಅಧ್ಯಕ್ಷರನ್ನಾಗಿ ಮಾಡಿ ಮಾತಿನ ಕೆಲಸವನ್ನು ಅವರಿಗೆ ವಹಿಸಿದರು. ಸೇಯರ್ಸ್ ಕೂತಿದ್ದ ಜಾಗದಲ್ಲಿ ಕ್ರಿಸ್ಟಿ 1976ರಲ್ಲಿ ತಾವು ಸಾಯುವವರೆಗೂ ಇದ್ದರು.